ಕಿಲ್ಪೆಕ್‌ನ ಕಲ್ಲುಗಳನ್ನು ನೋಡುವ ಬಗೆ

ಇಂಗ್ಲೆಂಡಿನ ಹಳೆಯ ಚರ್ಚುಗಳ ರುಚಿ ಹತ್ತಬೇಕಾದರೆ ಕ್ಯಾಥೆಡ್ರಲ್‌ಗಳನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು ಹಳ್ಳಿಯ ದಾರಿ ಹಿಡಿಯಿರಿ. ವೇಲ್ಸ್ ಗಡಿಯ ಹತ್ತಿರ ಹೆರೆಫರ್ಡ್‌ಶೈರ್‌ನಲ್ಲಿ ಕಿಲ್ಪೆಕ್ ಎಂಬ ಪುಟ್ಟ ಊರಿದೆ. ಅಲ್ಲಿನ ಸಂತ ಮೇರಿ ಮತ್ತು ಸಂತ ಡೇವಿಡ್ ಚರ್ಚು ಕಟ್ಟಿದ್ದು ಸುಮಾರು 1140ರಲ್ಲಿ. ಕಲ್ಲು ಕೆಂಪು ಛಾಯೆಯ ಮರಳುಗಲ್ಲು, ಕಟ್ಟಡ ಚಿಕ್ಕದು. ಕೆತ್ತನೆಯೆಲ್ಲ ಬರಿಗಣ್ಣಿಗೆ ಎಟಕುವಷ್ಟು ಹತ್ತಿರ.

ಹೋದ ಕೂಡಲೇ ಒಳಗೆ ನುಗ್ಗಬೇಡಿ. ಮೊದಲು ಹೊರಗೊಂದು ಪ್ರದಕ್ಷಿಣೆ ಹಾಕಿ, ಸೂರಿನ ಕೆಳಗೆ ಕಣ್ಣಿಟ್ಟು. ಗೋಡೆಯಿಂದ ಹೊರಚಾಚಿದ ಕಲ್ಲುಗಳ ಸಾಲೊಂದು ಸುತ್ತಲೂ ಓಡುತ್ತದೆ. ಇಂದಿಗೂ 85 ಉಳಿದಿವೆ. ಶಿಲುಬೆ ಹೊತ್ತ ಕುರಿಮರಿ, ವಾದ್ಯ ನುಡಿಸುವವ, ವಿಚಿತ್ರ ಮುಖಗಳು. ಒಂದು ಕಲ್ಲಿನಲ್ಲಿ ಬೇಟೆನಾಯಿಯೂ ಮೊಲವೂ ಮೈಗೆ ಮೈ ತಾಗಿಸಿ ಕೂತಿವೆ, ಹಳೆಯ ಗೆಳೆಯರ ಹಾಗೆ. ನನಗೆ ಇಡೀ ಸಾಲಿನಲ್ಲಿ ಇದರ ಮೇಲೇ ಹೆಚ್ಚು ಪ್ರೀತಿ. ತನ್ನ ಯೋನಿಯನ್ನು ತೆರೆದು ತೋರುವ ಹೆಣ್ಣಿನ ಶಿಲ್ಪವೂ ಅದೇ ಸಾಲಿನಲ್ಲಿದೆ. ಕಾಮದ ವಿರುದ್ಧ ಎಚ್ಚರಿಕೆ ಎನ್ನುವವರಿದ್ದಾರೆ, ದೃಷ್ಟಿನಿವಾರಣೆಗೆ ಎನ್ನುವವರೂ ಇದ್ದಾರೆ. ಅರ್ಥದ ತಕರಾರು ಆಮೇಲೆ ಇರಲಿ. ಆ ಶಿಲ್ಪಿ ಎಷ್ಟು ಕಡಿಮೆ ಗೆರೆಗಳಲ್ಲಿ ಎಷ್ಟು ಜೀವ ತುಂಬಿದ್ದಾನೆ ಎಂಬುದನ್ನು ಮೊದಲು ನೋಡಿ.

ದಕ್ಷಿಣದ ಬಾಗಿಲಿಗೆ ಮಾತ್ರ ಸಾಕಷ್ಟು ಹೊತ್ತು ಕೊಡಿ. ಬಿಸಿಲು ಓರೆಯಾಗಿ ಬೀಳುವ ಸಮಯ ಒಳ್ಳೆಯದು, ತೆಳುವಾದ ಕೆತ್ತನೆಗೆ ನೆರಳೇ ಆಳ ಕೊಡುವುದು. ಬಾಗಿಲ ಮೇಲಿನ ಅರೆವೃತ್ತದ ಕಲ್ಲಿನಲ್ಲಿ ಗೊಂಚಲು ಬಿಟ್ಟ ದ್ರಾಕ್ಷಿಯ ಜೀವವೃಕ್ಷವಿದೆ. ಅದರ ಬುಡದಿಂದ ಶುರುಮಾಡಿ ಒಂದೇ ಬಳ್ಳಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಆಮೇಲೆ ಎಡಗಡೆಯ ಕಂಬಕ್ಕೆ ಇಳಿಯಿರಿ. ಷರಾಯಿ ತೊಟ್ಟ ಇಬ್ಬರು ತೆಳ್ಳನೆಯ ಯೋಧರು ಬಳ್ಳಿಗಳ ಹೆಣಿಗೆಯಲ್ಲಿ ಸಿಕ್ಕಿಕೊಂಡು, ಒಬ್ಬನ ಮೇಲೊಬ್ಬ ನಿಂತಿದ್ದಾರೆ. ಅವರ ಬಟ್ಟೆಯ ಮೇಲಿನ ಸಮಾನಾಂತರ ಗೆರೆಗಳನ್ನು ಗಮನಿಸಿ. ಈ ಶಿಲ್ಪಿಗಳ ಸಹಿ ಅದೇ. ಮುಟ್ಟಬೇಡಿ, ಮರಳುಗಲ್ಲು ಬೆರಳಿಗೂ ಸವೆಯುತ್ತದೆ.

ಒಳಗೆ, ಪೂಜಾಸ್ಥಳದ ಕಮಾನಿನ ಎರಡೂ ಬದಿಗೆ ಮೂರು ಮೂರು ಸಂತರು ಒಬ್ಬರ ತಲೆಯ ಮೇಲೊಬ್ಬರಂತೆ ನಿಂತಿದ್ದಾರೆ. ಬೀಗದ ಕೈ ಹಿಡಿದವನು ಪೀಟರ್. ಹೊರಬಂದು ಪಶ್ಚಿಮಕ್ಕೆ ನಡೆದರೆ ನಾರ್ಮನ್ನರ ಕೋಟೆಯ ದಿಬ್ಬ, ಮೇಲೆ ಒಂದೆರಡು ಗೋಡೆ ತುಂಡು. ಚರ್ಚು ಕಟ್ಟಿಸಿದ ದೊರೆಗಳು ಇದ್ದದ್ದು ಇಲ್ಲೇ. ಇಷ್ಟು ಸಣ್ಣ ಊರಿಗೆ ಇಷ್ಟು ಕೆತ್ತನೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಆ ದಿಬ್ಬವೇ ಉತ್ತರ.

ಈಗ ನಿಮ್ಮ ಕಣ್ಣು ಪಳಗಿದೆ. ಇದೇ ಶಿಲ್ಪಿಗಳ ಬಳಗಕ್ಕೆ ಹೆರೆಫರ್ಡ್‌ಶೈರ್ ಸ್ಕೂಲ್ ಎಂಬ ಹೆಸರು. ಇದೇ ಸೀಮೆಯ ಬೇರೆ ಊರುಗಳಲ್ಲೂ ಅವರ ಕೆಲಸವಿದೆ. ಈರ್ಡಿಸ್ಲಿಯ ದೀಕ್ಷಾಸ್ನಾನದ ಕಲ್ಲುತೊಟ್ಟಿಯಲ್ಲಿ ಕಾದಾಡುವ ಗಂಡಸರನ್ನು ಕಂಡಾಗ, ಅವರ ಗೆರೆಗಳಿಂದಲೇ ಗುರುತು ಸಿಗುತ್ತದೆ. ರೌಲ್‌ಸ್ಟೋನ್ ಚರ್ಚಿನಲ್ಲಿ ಕಮಾನಿನ ಒಂದು ಬದಿಯ ಮೂರ್ತಿಗಳು ತಲೆಕೆಳಗಾಗಿವೆ. ಆ ಚರ್ಚು ಸಂತ ಪೀಟರನದು, ಅವನನ್ನು ತಲೆಕೆಳಗಾಗಿ ಶಿಲುಬೆಗೇರಿಸಿದರೆಂಬ ಐತಿಹ್ಯವಿದೆ. ಶಾಬ್‌ಡನ್‌ನಲ್ಲಿ ಮಾತ್ರ ಮನಸ್ಸು ಮುದುಡುತ್ತದೆ. 18ನೇ ಶತಮಾನದಲ್ಲಿ ಹಳೆಯ ಚರ್ಚನ್ನು ಕೆಡವಿ, ಅದರ ಕಮಾನುಗಳನ್ನು ಬಯಲಿನಲ್ಲಿ ಅಲಂಕಾರಕ್ಕೆ ನಿಲ್ಲಿಸಿದರು. ಮಳೆಗಾಳಿಗೆ ಮುಖಗಳೆಲ್ಲ ಅಳಿಸಿಹೋಗಿವೆ.

ಕೊನೆಗೆ ಆ್ಯಬಿ ಡೋರ್‌ಗೆ ಹೋಗಿ. 1147ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಸ್ಥಾಪಿಸಿದ ಮಠ ಅದು. ಪ್ರತಿಮೆಗಳ ಆಡಂಬರ ಅವರಿಗೆ ಒಪ್ಪಿಗೆಯಿರಲಿಲ್ಲ. ಕಿಲ್ಪೆಕ್‌ನಲ್ಲಿ ಕೆತ್ತನೆ ಹುಡುಕಿ ಅಭ್ಯಾಸವಾದ ಕಣ್ಣು ಇಲ್ಲಿ ಕಂಬಗಳ ಅಂತರವನ್ನೂ ಕಮಾನಿನ ಚೂಪನ್ನೂ ಬೆಳಕು ಬರುವ ದಾರಿಯನ್ನೂ ನೋಡಲು ಕಲಿಯಬೇಕಾಗುತ್ತದೆ. 1536ರಲ್ಲಿ ಮಠ ಮುಚ್ಚಿತು. ಸುಮಾರು ನೂರು ವರ್ಷದ ನಂತರ ಸ್ಕಡಮೋರ್ ಪ್ರಭು ಉಳಿದ ಭಾಗವನ್ನು ಊರ ಚರ್ಚಾಗಿ ಎತ್ತಿ ನಿಲ್ಲಿಸಿದ. ಆಗಿನ ಓಕ್ ಮರದ ದೊಡ್ಡ ತಡಿಕೆ ಈಗಲೂ ಇದೆ. ಭಾನುವಾರ ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದಿನ ಸಾಲಿನಲ್ಲಿ ಕೂತು ಮುಗಿಯುವವರೆಗೆ ಕಾಯಿರಿ. ಹೊರಡುವಾಗ ಕಾಣಿಕೆ ಡಬ್ಬಿಗೆ ಒಂದಿಷ್ಟು ಹಾಕಿ, ಚಾವಣಿ ದುರಸ್ತಿಗೆ ಬೇಕಾಗುತ್ತದೆ.