ಈಜುಡುಗೆಯಾಚೆಯ ಜಯಂತಿ

ನಟಿ ಜಯಂತಿಯವರ ಪ್ರಸ್ತಾಪ ಬಂದಾಗಲೆಲ್ಲ ‘ಮಿಸ್ ಲೀಲಾವತಿ’ಯ ಈಜುಡುಗೆಯ ಮಾತು ಹಿಂದೆಯೇ ಬರುತ್ತದೆ. 2021ರ ಜುಲೈ 26ರಂದು ಅವರು ತೀರಿಕೊಂಡಾಗಲೂ ಅದು ತಪ್ಪಲಿಲ್ಲ. ಕನ್ನಡ ತೆರೆಯ ಮೇಲೆ ಈಜುಡುಗೆ ತೊಟ್ಟ ಮೊದಲ ನಾಯಕಿ ಎಂಬ ಹೆಸರು ಅವರಿಗೆ ಅಂಟಿಕೊಂಡಿದೆ. ಅದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಆದರೆ ಐದು ಭಾಷೆಗಳ ನೂರಾರು ಚಿತ್ರಗಳಲ್ಲಿ ಅಭಿನಯಿಸಿದ ಕಲಾವಿದೆಯೊಬ್ಬರನ್ನು ಒಂದು ಉಡುಪಿನಿಂದ ಅಳೆಯುವುದು ದರ್ಜಿಯ ಕೆಲಸವಾದೀತೇ ಹೊರತು ವಿಮರ್ಶಕನದಲ್ಲ.

ಬಳ್ಳಾರಿಯಲ್ಲಿ ಹುಟ್ಟಿದ ಕಮಲಕುಮಾರಿ, ವೈ. ಆರ್. ಸ್ವಾಮಿಯವರ ‘ಜೇನುಗೂಡು’ (1963) ಚಿತ್ರದಿಂದ ಜಯಂತಿಯಾದರು. ಎರಡೇ ವರ್ಷಗಳಲ್ಲಿ, 1965ರಲ್ಲಿ, ಎಂ. ಆರ್. ವಿಠಲರ ‘ಮಿಸ್ ಲೀಲಾವತಿ’ ಬಂದಿತು. ಕಥೆ ಕೊರಟಿ ಶ್ರೀನಿವಾಸರಾಯರದು. ಸತಿ ಸಾವಿತ್ರಿಯರೂ ಒಳ್ಳೆಯ ಸೊಸೆಯರೂ ತುಂಬಿದ್ದ ತೆರೆಗೆ, ಕಟ್ಟುಪಾಡನ್ನು ಒಲ್ಲೆನೆನ್ನುವ ತರುಣಿಯೊಬ್ಬಳು ನಾಯಕಿಯಾಗಿ ಬಂದಳು. ಹುಬ್ಬೇರಿಸಿದವರು ಒಂದನ್ನು ಮರೆತರು. ಅದೇ ಚಿತ್ರದಲ್ಲಿ ಕುವೆಂಪು ಅವರ ದೋಣಿಯ ಹಾಡೂ ಇದೆ. ನವೋದಯದ ಆ ಹಾಡೂ ಈಜುಡುಗೆಯೂ ಒಂದೇ ಚಿತ್ರದಲ್ಲಿ ಬಂದು ಪ್ರೇಕ್ಷಕರಿಗೆ ಅರಗಿದುವು. ಆ ಹಾಡು ಇಂದಿಗೂ ಮನೆಮನೆಯಲ್ಲಿದೆ.

ಇಲ್ಲಿ ಹಾಲಿವುಡ್ಡಿನ ಮೇ ವೆಸ್ಟ್ ನೆನಪಾಗುವುದು ಸಹಜ. ಆಕೆ ತಾನೇ ಬರೆದು ಆಡಿದ ‘ಸೆಕ್ಸ್’ ಎಂಬ ನಾಟಕಕ್ಕಾಗಿ 1927ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹತ್ತು ದಿನಗಳ ಸೆರೆವಾಸ ವಿಧಿಸಿತು. ಎಂಟು ದಿನ ಒಳಗಿದ್ದು ಹೊರಬಂದ ಆಕೆಯ ಕೀರ್ತಿ ಇಮ್ಮಡಿಯಾಯಿತು. 1933ರಲ್ಲಿ ತನ್ನದೇ ನಾಟಕವನ್ನು ಆಧರಿಸಿದ ‘ಷಿ ಡನ್ ಹಿಮ್ ರಾಂಗ್’ ಚಿತ್ರದಲ್ಲಿ ಗಂಡಸರನ್ನೆಲ್ಲ ನಗಿಸಿ ಕುಣಿಸಿದಳು. ಮರುವರ್ಷ ಅಲ್ಲಿನ ಚಿತ್ರನೀತಿಸಂಹಿತೆ ಬಿಗಿಯಾದಾಗ ಆಕೆಯ ಮಾತುಗಳಿಗೆ ಕತ್ತರಿ ಬಿದ್ದಿತು. ಕತ್ತರಿ ಬಿದ್ದುದು ಸೀರೆಸೆರಗಿಗಲ್ಲ, ಮಾತಿಗೆ ಎಂಬುದನ್ನು ವಾಚಕರು ಗಮನಿಸಬೇಕು. ಮೇ ವೆಸ್ಟಳ ಧೈರ್ಯವಿದ್ದುದು ಅವಳ ಲೇಖನಿಯಲ್ಲಿ. ಜಯಂತಿಯವರ ಕೈಗೆ ಅಂಥ ಲೇಖನಿ ಬರಲಿಲ್ಲ. ಕಥೆಯೂ ಸಂಭಾಷಣೆಯೂ ಗಂಡಸರವು. ಕಣ್ಣು, ಕೊರಳು, ಮೌನ ಇವಿಷ್ಟೇ ಅವರ ಬಂಡವಾಳ.

ಆ ಬಂಡವಾಳದಿಂದ ಅವರು ಗಳಿಸಿದ್ದು ಏನೆಂಬುದನ್ನು ಪುಟ್ಟಣ್ಣ ಕಣಗಾಲರ ಚಿತ್ರಗಳಲ್ಲಿ ಕಾಣಬೇಕು. 1972ರ ‘ನಾಗರಹಾವು’ ಚಿತ್ರದಲ್ಲಿ ಅವರು ಒನಕೆ ಓಬವ್ವ. ಪಿ. ಬಿ. ಶ್ರೀನಿವಾಸರ ಒಂದು ಹಾಡಿನ ಅವಧಿ ಮಾತ್ರದ ಪಾತ್ರ. ಆದರೂ ನಾಡಿನ ಅನೇಕರಿಗೆ ಓಬವ್ವನೆಂದರೆ ಇಂದಿಗೂ ಅದೇ ಮುಖ. ಮರುವರ್ಷವೇ ‘ಎಡಕಲ್ಲು ಗುಡ್ಡದ ಮೇಲೆ’. ಭಾರತೀಸುತರ ಈ ಕಾದಂಬರಿಯ ಮಾಧವಿ, ಯುದ್ಧದಲ್ಲಿ ಗಾಯಗೊಂಡು ಪುರುಷತ್ವ ಕಳೆದುಕೊಂಡ ಗಂಡನ ಹೆಂಡತಿ. ತನಗಿಂತ ಕಿರಿಯನಾದ ತರುಣನತ್ತ ಆಕೆಯ ಮನಸ್ಸು ಹರಿಯುತ್ತದೆ. ಎಸ್. ಜಾನಕಿಯವರು ಹಾಡಿದ ವಿರಹಗೀತೆಯಲ್ಲಿ ಜಯಂತಿಯವರ ಮುಖವನ್ನು ನೋಡಿ. ಬಯಕೆಯೂ ಅದರ ನಾಚಿಕೆಯೂ ಒಂದರ ಬೆನ್ನಿಗೊಂದು ಬಂದು ಹೋಗುತ್ತವೆ. ಯಾವುದನ್ನೂ ಅವರು ಬೇಕೆಂದು ಒತ್ತಿ ತೋರಿಸುವುದಿಲ್ಲ. ಮೈ ತುಂಬ ಸೀರೆಯುಟ್ಟ ಈ ಮಾಧವಿ ಲೀಲಾವತಿಗಿಂತ ನೂರು ಪಾಲು ಕೆಣಕುತ್ತಾಳೆ. ಈ ಅಭಿನಯಕ್ಕೆ ರಾಜ್ಯಪ್ರಶಸ್ತಿ ಬಂದಿತು.

ಆದರೆ ಚಿತ್ರದ ಬಗೆಗೆ ನಮ್ಮದೊಂದು ತಕರಾರಿದೆ. ನಟಿ ಮಾಧವಿಯನ್ನು ಅರಿತುಕೊಂಡಷ್ಟು ಕಥೆ ಅರಿತುಕೊಳ್ಳುವುದಿಲ್ಲ. ಪಾಪಪ್ರಜ್ಞೆಯ ಕುಣಿಕೆಗೆ ಆಕೆಯ ಕೊರಳೊಡ್ಡಿಸಿ ಸಭ್ಯರಿಗೆ ಸಮಾಧಾನ ಹೇಳುತ್ತದೆ. ಹೆಣ್ಣಿನ ಬಯಕೆ ಕನ್ನಡಕ್ಕೇನು ಹೊಸದೇ? ನಮ್ಮ ಈ ಕಾಗಿನೆಲೆಯ ಆದಿಕೇಶವನಿಗೆ ಅಂಕಿತವಾದ ಕನಕದಾಸರೇ ‘ಮೋಹನತರಂಗಿಣಿ’ಯ ಕವಿ. ಅಲ್ಲಿ ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಕಂಡ ತರುಣನಿಗಾಗಿ ಹಂಬಲಿಸುತ್ತಾಳೆ. ಗೆಳತಿ ಚಿತ್ರಲೇಖೆ ಚಿತ್ರ ಬರೆದು ಗುರುತು ಹಿಡಿಸಿ ಅನಿರುದ್ಧನನ್ನೇ ತಂದೊಪ್ಪಿಸುತ್ತಾಳೆ. ಕನಕದಾಸರು ಉಷೆಗೆ ಶಿಕ್ಷೆ ಕೊಡಲಿಲ್ಲ, ಮದುವೆ ಮಾಡಿಸಿದರು. ಉಷೆ ಕನ್ಯೆ, ಮಾಧವಿ ಪರಪತ್ನಿ ಎನ್ನುವಿರಿ. ಸರಿಯೇ. ಆದರೂ ಬಯಕೆಯನ್ನು ಬಣ್ಣಿಸುವಾಗ ದಾಸರಿಗಿದ್ದ ನಿರ್ಭೀತಿ ಇಪ್ಪತ್ತನೆಯ ಶತಮಾನದ ಚಿತ್ರಕಥೆಗೆ ಇಲ್ಲವಾಯಿತಲ್ಲ! ಔಚಿತ್ಯಭಂಗವೇ ರಸಭಂಗಕ್ಕೆ ಕಾರಣವೆಂದವನು ಆನಂದವರ್ಧನ. ಈ ಚಿತ್ರದಲ್ಲಿ ಔಚಿತ್ಯ ಕೆಟ್ಟುದು ನಟಿಯಿಂದಲ್ಲ, ತೀರ್ಪು ಕೊಡುವ ಅವಸರದಿಂದ.

‘ಮಸಣದ ಹೂವು’ (1985) ಪುಟ್ಟಣ್ಣನವರ ಕೊನೆಯ ಚಿತ್ರ. ಅವರು ಆ ವರ್ಷವೇ ತೀರಿಕೊಂಡರು, ಉಳಿದುದನ್ನು ಕೆ. ಎಸ್. ಎಲ್. ಸ್ವಾಮಿ ಮುಗಿಸಿದರು. ತ. ರಾ. ಸು. ಅವರ ಕಥೆಯ ಈ ಚಿತ್ರದಲ್ಲಿ ಜಯಂತಿ ವೇಶ್ಯಾಗೃಹದ ಒಡತಿ. ನಾಯಕಿಯ ಪಟ್ಟವನ್ನು ಬಹುಕಾಲ ಅನುಭವಿಸಿದವರು ಇಂಥ ಪಾತ್ರಕ್ಕೆ ಒಪ್ಪುವುದು ವಿರಳ. ಒಪ್ಪಿದರೂ ಪ್ರೇಕ್ಷಕರ ಕನಿಕರವನ್ನು ಒಂದಿಷ್ಟು ತಮ್ಮ ಕಡೆಗೆ ಎಳೆದುಕೊಳ್ಳಲು ನೋಡುತ್ತಾರೆ. ಇವರು ಹಾಗೆ ಎಳೆದುಕೊಳ್ಳಲಿಲ್ಲ. ಆ ಹೆಣ್ಣಿನ ಒರಟುತನ, ವ್ಯವಹಾರದ ಲೆಕ್ಕಾಚಾರ ಎರಡನ್ನೂ ಇದ್ದಂತೆಯೇ ಮುಂದಿಟ್ಟರು. ‘ಮಿಸ್ ಲೀಲಾವತಿ’ಯನ್ನೂ ಇದನ್ನೂ ಒಂದೇ ವಾರದಲ್ಲಿ ನೋಡಲು ಸಾಧ್ಯವಾದವರು ನೋಡಬೇಕು. ನಡುವೆ 20 ವರ್ಷಗಳ ಅಂತರ. ಮೊದಲನೆಯದರಲ್ಲಿ ಕ್ಯಾಮೆರಾ ಆಕೆಯನ್ನು ನೋಡುತ್ತದೆ. ಎರಡನೆಯದರಲ್ಲಿ ಆಕೆ ಕ್ಯಾಮೆರಾದ ಹಿಂದೆ ಕುಳಿತ ನಮ್ಮನ್ನು ನೋಡುತ್ತಾರೆ.