ಗುಡಿಸಲಾಗಿದೆ, ಸರಿ. ಗುಡಿಸಿದವರು ಯಾರು?

ನಮ್ಮ ವಿಮರ್ಶಕರು ಕಾವ್ಯದಲ್ಲಿ ಧ್ವನಿ ಹುಡುಕುತ್ತಾರೆ, ಕಾದಂಬರಿಯಲ್ಲಿ ತಂತ್ರ ಹುಡುಕುತ್ತಾರೆ. ಕಚೇರಿಯ ಸುತ್ತೋಲೆಯನ್ನು, ವರದಿಯನ್ನು ಮಾತ್ರ ಓದುವ ಗೋಜಿಗೆ ಹೋಗುವುದಿಲ್ಲ. ಬಡವರ ಬದುಕನ್ನು ದಿನವೂ ಬರೆಯುವುದು, ಅಳಿಸುವುದು ಈ ಸುತ್ತೋಲೆಗಳ ಕನ್ನಡವೇ. ಆದ್ದರಿಂದ ಈ ಸಲ ನಾವು ಅದರ ಒಂದೇ ಒಂದು ವಾಕ್ಯವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ: 'ಕಚೇರಿಯ ಆವರಣವನ್ನು ಸ್ವಚ್ಛಗೊಳಿಸಲಾಯಿತು.'

ಯಾರು ಸ್ವಚ್ಛಗೊಳಿಸಿದರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ವ್ಯಾಕರಣದ ಮೇಷ್ಟ್ರು ಇದನ್ನು ಕರ್ಮಣಿ ಪ್ರಯೋಗ ಎನ್ನುತ್ತಾರೆ. ನಾವು ಜಾತಿ ಪ್ರಯೋಗ ಎನ್ನುತ್ತೇವೆ. ಅದೇ ವರದಿಯಲ್ಲಿ 'ಮಾನ್ಯ ಸಚಿವರು ಚಾಲನೆ ನೀಡಿದರು', 'ಸಾಹೇಬರು ಪರಿಶೀಲಿಸಿದರು' ಎಂದು ಬರೆಯುವಾಗ ಕರ್ತೃ ಎಲ್ಲೂ ಓಡಿಹೋಗುವುದಿಲ್ಲ. ಹೆಸರು, ಹುದ್ದೆ, ಫೋಟೋ ಸಮೇತ ಎದೆಯುಬ್ಬಿಸಿ ನಿಂತಿರುತ್ತಾನೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲಂತೂ ಈ ಫೋಟೋಗಳ ಸುಗ್ಗಿ. ಪೊರಕೆ ಅರ್ಧ ಗಂಟೆ ಸಾಹೇಬರ ಕೈಯಲ್ಲಿದ್ದರೆ ಅದು ಸುದ್ದಿ. ವರ್ಷವೆಲ್ಲ ನಮ್ಮ ಅವ್ವಂದಿರ ಕೈಯಲ್ಲಿದ್ದರೆ 'ಗುಡಿಸಲಾಗಿದೆ'.

ಇದು ಬರೀ ವ್ಯಾಕರಣದ ಮಾತಲ್ಲ. ಕನ್ನಡದಲ್ಲಿ ಚೊಕ್ಕಟ ಬೇರೆ, ಮಡಿ ಬೇರೆ. ಚೊಕ್ಕಟವನ್ನು ಕಣ್ಣಿನಿಂದ ನೋಡಿ ತಿಳಿಯಬಹುದು. ಧೂಳು ಇದೆಯೋ ಇಲ್ಲವೋ, ಅಷ್ಟೆ. ಮಡಿ ಮಾತ್ರ ಹುಟ್ಟನ್ನು ಕೇಳುತ್ತದೆ. ತಂಬಿಗೆ ಫಳಫಳ ಹೊಳೆಯುತ್ತಿದ್ದರೂ ನಮ್ಮ ಕೈ ತಾಕಿದರೆ ಅದು ಮೈಲಿಗೆ. ನಮ್ಮ ಕಚೇರಿಗಳು ಬಾಯಲ್ಲಿ ಚೊಕ್ಕಟದ ಮಾತಾಡುತ್ತವೆ, ಒಳಗೊಳಗೆ ಮಡಿಯನ್ನು ಆಚರಿಸುತ್ತವೆ. ನಮ್ಮ ತಕರಾರು ಇದೇ.

1917ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ನ್ಯೂಯಾರ್ಕ್, ಲಂಡನ್ನುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕಚೇರಿಗೆ ನೌಕರಿಗೆ ಸೇರಿದರು. ಅಲ್ಲಿನ ಜವಾನರು ಕಡತಗಳನ್ನು ಅವರ ಕೈಗೆ ಕೊಡದೆ ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಕುಡಿಯಲು ನೀರು ಸಿಗುತ್ತಿರಲಿಲ್ಲ. ಅವರು ಎದ್ದು ಹೊರಟರೆ ನೆಲದ ಜಮಖಾನೆಯನ್ನು ಸುತ್ತಿಡುತ್ತಿದ್ದರು. ಇರಲು ಮನೆಯೂ ಸಿಗದೆ ಕೊನೆಗೆ ಅವರು ಆ ಊರನ್ನೇ ಬಿಡಬೇಕಾಯಿತು. ಆ ಕಚೇರಿ ಕೊಳಕಾಗಿತ್ತೇ? ಇಲ್ಲವೇ ಇಲ್ಲ, ಜಮಖಾನೆ ಹಾಸಿದ ಕಚೇರಿ ಅದು. ಕೊಳಕಿದ್ದದ್ದು ಕಡತ ಎಸೆದವರ ತಲೆಯಲ್ಲಿ.

ಅದು ಹಳೆಯ ಕಾಲದ ಕಥೆ ಬಿಡ್ರಿ ಅನ್ನುವವರು ಆಯುಧಪೂಜೆಯ ದಿನ ಯಾವುದಾದರೂ ಕಚೇರಿಗೆ ಹೋಗಿ ನೋಡಲಿ. ಮೇಜಿಗೆ ಕುಂಕುಮ, ಬೀರುವಿಗೆ ಕುಂಕುಮ, ಕಂಪ್ಯೂಟರಿಗೆ ಹೂವು, ಜೀಪಿಗೆ ಬಾಳೆಕಂದು. ಕಚೇರಿಯನ್ನು ದಿನವೂ ಕಾಯುವ ಆಯುಧವಾದ ಪೊರಕೆಗೆ ಕುಂಕುಮ ಇಟ್ಟದ್ದನ್ನು ನೀವು ಎಷ್ಟು ಕಡೆ ನೋಡಿದ್ದೀರಿ? ಫಿನಾಯಿಲಿನ ಬಕೆಟ್ಟಿಗೆ ಹೂವು? ಪೂಜೆ ಮುಗಿದ ಮೇಲೆ ಬೂದುಗುಂಬಳವನ್ನು ನಡುಬೀದಿಗೆ ಅಪ್ಪಳಿಸಿ, ದೃಷ್ಟಿ ಹೋಯಿತೆಂದು ಮಂಡಕ್ಕಿ ತಿಂದು ಮನೆಗೆ ಹೋಗುತ್ತಾರೆ. ಮಾರನೆಯ ಬೆಳಗ್ಗೆ ಆ ಲೋಳೆ ತಿರುಳನ್ನು ರಸ್ತೆಯಿಂದ ಬಳಿಯುವವರು ಪೌರಕಾರ್ಮಿಕರು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಶಾಲು ಹೊದಿಸಿದ ಕೈಗಳೇ ಕುಂಬಳವನ್ನೂ ಬೀದಿಗೆ ಎಸೆದಿರುತ್ತವೆ.

ಹಿಂದೆ ಕಚೇರಿ ಗುಡಿಸುವವರಿಗೆ ಕೊನೇಪಕ್ಷ ಡಿ ದರ್ಜೆ ನೌಕರ ಎಂಬ ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ಒಂದು ಸಾಲಿತ್ತು, ಪಿಂಚಣಿ ಇತ್ತು, ಸಂಘ ಇತ್ತು. 2008ರಲ್ಲಿ ಆರನೇ ವೇತನ ಆಯೋಗದ ಶಿಫಾರಸು ಜಾರಿಗೆ ಬಂದ ಮೇಲೆ ಕೇಂದ್ರ ಸರ್ಕಾರದಲ್ಲಿ ಡಿ ದರ್ಜೆಯೇ ಇಲ್ಲವಾಯಿತು. ಇದ್ದವರನ್ನು ಸಿ ದರ್ಜೆಗೆ ಏರಿಸಿದರು. ಒಳ್ಳೆಯದೇ ಆಯಿತು. ಆದರೆ ದರ್ಜೆ ಹೋದರೂ ಕಸ ಹೋಗಲಿಲ್ಲವಲ್ಲ! ಗುಡಿಸುವ ಕೆಲಸ ಬಹುಪಾಲು ಗುತ್ತಿಗೆದಾರನ ಕೈಗೆ ಹೋಯಿತು. ರಾಜ್ಯದ ಕಚೇರಿಗಳಲ್ಲೂ ಹೊರಗುತ್ತಿಗೆ ಕಾಲಿಟ್ಟಿತು. ಹೌಸ್‌ಕೀಪಿಂಗ್ ಎಂಬ ಚೆಂದದ ಹೆಸರು ಬಂತು, ಹಾಜರಿ ಪುಸ್ತಕದಿಂದ ಅವಳ ಸಾಲು ಹೋಯಿತು. ಕರ್ತೃ ಇಲ್ಲದ ವಾಕ್ಯ ಈಗ ಸಂಬಳದ ಪಟ್ಟಿಗೂ ಬಂದಿದೆ.

ಈ ಕಾಣದ ಕರ್ತೃ ಒಮ್ಮೆ ಕಚೇರಿಯ ಬಾಗಿಲಿಗೇ ಬಂದು ನಿಂತದ್ದುಂಟು. 2010ರ ಜುಲೈ ತಿಂಗಳಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಎದುರು ಮಲವನ್ನು ಮೈಗೆ ಬಳಿದುಕೊಂಡರು. ಮಲ ಹೊರುವುದನ್ನು ನಿಷೇಧಿಸುವ ಕಾನೂನು ಬಂದದ್ದು 1993ರಲ್ಲಿ. ಅದಾಗಿ ಹದಿನೇಳು ವರ್ಷ ಆಗಿತ್ತು. ನಾಡು ಮೂಗು ಮುಚ್ಚಿಕೊಂಡಿತು. ಅಂದು ಸವಣೂರಿನವರು 'ಈ ಊರನ್ನು ಚೊಕ್ಕಟ ಮಾಡಿದವರು ನಾವು' ಎಂಬ ವಾಕ್ಯವನ್ನು ಕರ್ತೃ ಸಮೇತ ತಮ್ಮ ಮೈಮೇಲೆಯೇ ಬರೆದು ತೋರಿಸಿದರು. ಅರ್ಜಿ ಬರೆದಿದ್ದರೆ ಅದಕ್ಕೆ 'ಪರಿಶೀಲಿಸಲಾಗುವುದು' ಎಂಬ ಹಿಂಬರಹ ಸಿಗುತ್ತಿತ್ತು.

ಕನ್ನಡಕ್ಕೆ ಕರ್ತೃವಿನ ಹೆಸರು ಹೇಳಲು ಬರುವುದಿಲ್ಲ ಎಂದೇನಲ್ಲ. 12ನೇ ಶತಮಾನದ ಸತ್ಯಕ್ಕನ ಕಾಯಕ ಶರಣರ ಅಂಗಳ ಗುಡಿಸುವುದು ಎಂದು ಪರಂಪರೆ ಹೇಳುತ್ತದೆ. ಅವಳು ವಚನ ಬರೆದಳು, ಶಂಭುಜಕ್ಕೇಶ್ವರ ಎಂದು ಅಂಕಿತ ಹಾಕಿದಳು. ಪೊರಕೆ ಹಿಡಿದ ಕೈಯೇ ಅಂಕಿತವನ್ನೂ ಹಾಕಿತು. ಹಾಗೆಂದು ಇವತ್ತಿನ ಗುಡಿಸುವವರಿಗೆ 'ನಿಮ್ಮದು ಕಾಯಕ, ನಿಮ್ಮದು ಪವಿತ್ರ ಸೇವೆ' ಎಂದು ಭಾಷಣ ಬಿಗಿಯುವವರ ಬೂಟಾಟಿಕೆಯನ್ನು ನಾವು ಒಪ್ಪುವುದಿಲ್ಲ. ಒಪ್ಪಿ ಹಿಡಿದದ್ದು ಕಾಯಕ. ಹುಟ್ಟಿನ ಹಗ್ಗದಿಂದ ಕಟ್ಟಿದ್ದು ಜೀತ. ಅಷ್ಟು ಪವಿತ್ರವಾಗಿದ್ದರೆ ಭಾಷಣ ಮಾಡುವವರ ಮಕ್ಕಳೂ ಒಂದಿಷ್ಟು ಪುಣ್ಯ ಕಟ್ಟಿಕೊಳ್ಳಲಿ.

ಹಳ್ಳಿಯ ಮೇಷ್ಟ್ರುಗಳೇ, ನಿಮಗೊಂದು ಮಾತು. ಶಾಲೆಯೂ ಒಂದು ಕಚೇರಿಯೇ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬೆಳಕಿಗೆ ಬಂತು. ಪ್ರಾಂಶುಪಾಲರೂ ಒಬ್ಬ ಶಿಕ್ಷಕರೂ ಬಂಧನಕ್ಕೆ ಒಳಗಾದರು. ಅಷ್ಟು ದೂರ ಹೋಗುವುದೇನೂ ಬೇಡ. ನಿಮ್ಮ ಶಾಲೆಯಲ್ಲಿ ಕೋಣೆ ಗುಡಿಸುವ ಸರದಿ ಯಾವ ಮಕ್ಕಳಿಗೆ ಬರುತ್ತದೆ, ಮೇಷ್ಟ್ರಿಗೆ ನೀರು ತಂದುಕೊಡುವ ಸರದಿ ಯಾವ ಮಕ್ಕಳಿಗೆ ಬರುತ್ತದೆ, ಒಂದು ವಾರ ಬರೆದಿಡಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಮಡಿ ಯಾವುದು, ಚೊಕ್ಕಟ ಯಾವುದು ಎಂದು ನಾವು ಹೇಳಬೇಕಾಗಿಲ್ಲ.

'ಎಲ್ಲರೂ ಗುಡಿಸುತ್ತಾ ಕೂತರೆ ಆಫೀಸಿನ ಕೆಲಸ ಮಾಡೋರು ಯಾರ್ರೀ?' ಎಂದು ಕೇಳುತ್ತಾರೆ. ಟೀ ಕುಡಿದ ಲೋಟ ತೊಳೆಯಲು, ತನ್ನ ಮೇಜನ್ನು ತಾನೇ ಒರೆಸಲು ಎಷ್ಟು ಹೊತ್ತು ಬೇಕು? ಉಳಿದ ಗುಡಿಸುವ, ತೊಳೆಯುವ ಕೆಲಸ ಒಂದು ಉದ್ಯೋಗ. ಯಾವ ಜಾತಿಯವರಾದರೂ ಅರ್ಜಿ ಹಾಕುವಂಥ ಸಂಬಳ ಅದಕ್ಕೆ ಬರಲಿ. ಹಾಜರಿ ಪುಸ್ತಕದಲ್ಲಿ ಹೆಸರು, ಕೂರಲು ಕುರ್ಚಿ, ಎಲ್ಲರು ಕುಡಿಯುವ ಲೋಟದಲ್ಲೇ ನೀರು, ತಾನು ತೊಳೆಯುವ ಕಕ್ಕಸನ್ನು ತಾನೂ ಬಳಸುವ ಹಕ್ಕು, ಇಷ್ಟನ್ನು ಪ್ರತಿ ಕಚೇರಿಯಲ್ಲೂ ಕೇಳೋಣ. ಸಂಘದ ಗೆಳೆಯರು ಮೊದಲು ತಮ್ಮ ತಮ್ಮ ಕಚೇರಿಯಲ್ಲೇ ಕೇಳಲಿ.

ಮತ್ತೆ ಯಾವಾಗಲಾದರೂ 'ಸ್ವಚ್ಛಗೊಳಿಸಲಾಯಿತು' ಎಂಬ ವರದಿ ನಿಮ್ಮ ಸಹಿಗೆ ಬಂದರೆ ಸುಮ್ಮನೆ ಸಹಿ ಹಾಕಬೇಡಿ. ವಾಪಸ್ಸು ಕಳಿಸಿ. ಗುಡಿಸಿದವರ ಹೆಸರು ಬರೆದು ತರಲಿ.