ಸೇತುವೆಗೂ ಒಬ್ಬ ಜಕಣಾಚಾರಿ

ಬೇಲೂರಿಗೆ ಹೋದವರು ಜಕಣಾಚಾರಿಯ ಕಥೆ ಕೇಳದೆ ಹಿಂದಿರುಗುವುದು ಅಪರೂಪ. ಮಗ ಡಂಕಣಾಚಾರಿ ತಂದೆಯ ವಿಗ್ರಹದಲ್ಲಿ ದೋಷ ಕಂಡದ್ದು, ಮೈಗೆಲ್ಲ ಬಳಿದ ಗಂಧ ಒಂದು ಕಡೆ ಮಾತ್ರ ಒಣಗದೆ ಉಳಿದದ್ದು, ಅಲ್ಲಿ ಉಳಿ ತಾಕಿಸಿದಾಗ ಕಲ್ಲಿನ ಹೊಟ್ಟೆಯಿಂದ ಕಪ್ಪೆ ಹೊರಬಿದ್ದದ್ದು, ತಂದೆ ಆಡಿದ ಮಾತಿಗೆ ಕಟ್ಟುಬಿದ್ದು ಬಲಗೈ ಕತ್ತರಿಸಿಕೊಂಡದ್ದು ನಮಗೆಲ್ಲ ಬಾಯಿಪಾಠ. 1964ರಲ್ಲಿ ಬಿ.ಎಸ್. ರಂಗಾ ಇದನ್ನೇ 'ಅಮರಶಿಲ್ಪಿ ಜಕಣಾಚಾರಿ' ಎಂದು ತೆರೆಗೆ ತಂದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಅದೇ ದೇವಾಲಯದ ಮದನಿಕೆಯರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟುಹೋಗಿದ್ದಾರೆ. ಆ ಸಹಿಗಳ ನಡುವೆ ಜಕಣಾಚಾರಿಯ ಹೆಸರಿಲ್ಲ. ಕಲ್ಲು ಹೇಳುವ ಹೆಸರುಗಳನ್ನು ಬಿಟ್ಟು ನಾವು ಕಥೆ ಹೇಳುವ ಹೆಸರನ್ನು ಹಿಡಿದುಕೊಂಡಿದ್ದೇವೆ.

ಈ ಸಂಗತಿಯ ತೂಕ ನನಗೆ ತಿಳಿದದ್ದು ಮಾತ್ರ ಬೇಲೂರಿನಿಂದ ಬಹು ದೂರದಲ್ಲಿ, ಥಾಯ್ಲೆಂಡಿನ ಕಾಂಚನಬುರಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೇನೆ ಯುದ್ಧಕೈದಿಗಳಿಂದಲೂ ಕೂಲಿಯಾಳುಗಳಿಂದಲೂ ಕಟ್ಟಿಸಿದ 'ಸಾವಿನ ರೈಲುದಾರಿ'ಯ ಅವಶೇಷ ಇರುವುದು ಅಲ್ಲಿ. ಬರ್ಮಾದಲ್ಲಿದ್ದ ತನ್ನ ಸೇನೆಗೆ ಸಮುದ್ರಮಾರ್ಗವಾಗಿ ಸಾಮಗ್ರಿ ಕಳಿಸುವುದು ಶತ್ರುಗಳ ಸಬ್‌ಮೆರೀನ್‌ಗಳಿಂದಾಗಿ ಅಪಾಯಕರವಾದಾಗ, ಥಾಯ್ಲೆಂಡಿನ ಬಾನ್ ಪಾಂಗ್‌ನಿಂದ ಬರ್ಮಾದ ತಾನ್‌ಬ್ಯೂಜಾಯತ್‌ವರೆಗೆ 415 ಕಿಲೋಮೀಟರ್ ಹಳಿ ಹಾಕಲು ಜಪಾನ್ ಹೊರಟಿತು. 1942ರಲ್ಲಿ ಎರಡೂ ತುದಿಯಿಂದ ಆರಂಭವಾದ ಕೆಲಸ 1943ರ ಅಕ್ಟೋಬರ್ 17ರಂದು ನಡುದಾರಿಯಲ್ಲಿ ಕೂಡಿತು. ಕಾಡು, ಬಂಡೆ, ಮಳೆ, ಕಾಲರಾ, ಇವುಗಳ ನಡುವೆ ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯರ ರಟ್ಟೆಯಿಂದಲೇ ಆದ ಕೆಲಸ.

ಇಂದು ಉಳಿದಿರುವುದು ನಾಮ್ ಟೋಕ್‌ವರೆಗಿನ ದಾರಿ; ಅದರ ಮೇಲೆ ಈಗಲೂ ಪ್ಯಾಸೆಂಜರ್ ರೈಲು ಓಡುತ್ತದೆ. ಅದು ಮೀಟರ್ ಗೇಜ್. 1990ರ ದಶಕದಲ್ಲಿ ಹಳಿ ಅಗಲವಾಗುವ ಮೊದಲು ನಮ್ಮ ಅರಸೀಕೆರೆ ಜಂಕ್ಷನ್ನಿನಲ್ಲಿದ್ದದ್ದೂ ಅದೇ ಅಳತೆ. ಆ ಕಿರಿದಾದ ಡಬ್ಬಿಯ ತೂಗಾಟ ಅರಸೀಕೆರೆಯವರಿಗೆ ಅಪರಿಚಿತವಲ್ಲ. ಬಂಡೆಗೆ ಆತುಕೊಂಡು, ನದಿಯ ಮೇಲಕ್ಕೆ ಚಾಚಿ ನಿಂತ ಮರದ ಕಟ್ಟಣೆಯ ಮೇಲೆ ರೈಲು ಮೆಲ್ಲಗೆ ತೆವಳುವಾಗ ಪ್ರವಾಸಿಗರು ಕಿಟಕಿಯಿಂದ ತಲೆ ಹೊರಹಾಕಿ ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ. ನೋಟ ಚೆನ್ನಾಗಿದೆ, ಇಲ್ಲಿರುವ ತೊಡಕೂ ಅದೇ.

ಕಾಂಚನಬುರಿಗೆ ಜನ ಬರುವುದು ಮುಖ್ಯವಾಗಿ ಒಂದು ಸೇತುವೆ ನೋಡಲು. ಆ ಸೇತುವೆಯ ಖ್ಯಾತಿಗೆ ಕಾರಣ ಡೇವಿಡ್ ಲೀನ್ 1957ರಲ್ಲಿ ತೆಗೆದ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್'. ಏಳು ಆಸ್ಕರ್ ಪಡೆದ ಚಿತ್ರ; ಫ್ರೆಂಚ್ ಲೇಖಕ ಪಿಯೇರ್ ಬೂಲ್‌ನ 1952ರ ಕಾದಂಬರಿ ಅದಕ್ಕೆ ಆಧಾರ. ಚಿತ್ರೀಕರಣ ನಡೆದದ್ದು ಥಾಯ್ಲೆಂಡಿನಲ್ಲಲ್ಲ, ಶ್ರೀಲಂಕಾದ ಕಿತುಲ್‌ಗಲದಲ್ಲಿ. ವಾಸ್ತವದಲ್ಲಿ ಸೇತುವೆಯಿದ್ದ ನದಿಗೆ ಮೇ ಕ್ಲಾಂಗ್ ಎಂದು ಹೆಸರಿತ್ತು. ಚಿತ್ರ ನೋಡಿ ಬಂದವರು ಕ್ವಾಯ್ ನದಿ ಎಲ್ಲಿ ಎಂದು ಕೇಳತೊಡಗಿದ ಮೇಲೆ, 1960ರ ಸುಮಾರಿಗೆ, ಆ ಭಾಗದ ನದಿಗೆ ಕ್ವೇ ಯಾಯ್ ಎಂದು ಹೆಸರು ಬದಲಾಯಿಸಲಾಯಿತು. ಕಥೆಯೊಂದು ನದಿಯ ಹೆಸರನ್ನೇ ಬದಲಿಸಿಬಿಟ್ಟಿತು ಎಂದಮೇಲೆ ಮನುಷ್ಯರ ಹೆಸರಿನ ಪಾಡೇನು?

ಕಲೆಯಾಗಿ ನೋಡಿದರೆ ಅದು ದುರ್ಬಲ ಚಿತ್ರವಲ್ಲ. ಶತ್ರುವಿಗಾಗಿ ಕಟ್ಟುತ್ತಿದ್ದೇನೆ ಎಂಬುದನ್ನೇ ಮರೆತು ತನ್ನ ಕಟ್ಟೋಣವನ್ನು ಮೋಹಿಸುವ ಕರ್ನಲ್‌ನ ಪಾತ್ರದಲ್ಲಿ ಅಲೆಕ್ ಗಿನ್ನೆಸ್‌ನ ಅಭಿನಯ ಮರೆಯುವಂಥದಲ್ಲ. ಆದರೆ ಈ ಮೋಹದ ಕಥೆಗಾಗಿ ಚಿತ್ರ ಮೂರು ಸಂಗತಿಗಳನ್ನು ಬಲಿಕೊಟ್ಟಿತು. ಜಪಾನಿ ಎಂಜಿನಿಯರುಗಳು ಕೈಲಾಗದವರು, ಇಂಗ್ಲಿಷರು ಬಂದು ಕಲಿಸಬೇಕಾಯಿತು ಎಂದು ತೋರಿಸಿತು. ಇಡೀ ದಾರಿಯ ಲೆಕ್ಕಾಚಾರ ಜಪಾನಿಯರದೇ ಆಗಿತ್ತು. ಆ ಶಿಬಿರದ ಕೈದಿಗಳ ಮುಖ್ಯಸ್ಥನಾಗಿದ್ದ ಫಿಲಿಪ್ ಟೂಸಿ ತನ್ನವರ ಜೀವ ಉಳಿಸಲು ಹೆಣಗಿದವನು. ಚಿತ್ರದ ಕರ್ನಲ್‌ಗೂ ಅವನಿಗೂ ಸಂಬಂಧವಿಲ್ಲವೆಂದು ಬದುಕಿ ಬಂದ ಕೈದಿಗಳೇ ಪ್ರತಿಭಟಿಸಿದರು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಈ ದಾರಿಯಲ್ಲಿ ದುಡಿದವರ ಪೈಕಿ ಹೆಚ್ಚಿನ ಪಾಲು ಯುರೋಪಿಯನ್ನರೇ ಅಲ್ಲ.

ಬ್ರಿಟಿಷ್, ಆಸ್ಟ್ರೇಲಿಯನ್, ಡಚ್, ಅಮೆರಿಕನ್ ಕೈದಿಗಳು 60,000ಕ್ಕೂ ಹೆಚ್ಚು. ಸತ್ತವರು 12,000ಕ್ಕೂ ಹೆಚ್ಚು. ಬರ್ಮಾ, ಮಲಯಾ, ಜಾವಾಗಳಿಂದ ತಂದ ಏಷ್ಯಾದ ಕೂಲಿಗಳು ಸುಮಾರು ಎರಡು ಲಕ್ಷ. ಸತ್ತವರು 90,000ದಷ್ಟು ಎಂದು ಅಂದಾಜು. ಮಲಯಾದಿಂದ ಬಂದವರಲ್ಲಿ ಬಹುಮಂದಿ ರಬ್ಬರ್ ತೋಟದ ತಮಿಳರು, ಅವರೊಡನೆ ತೆಲುಗರು, ಮಲಯಾಳಿಗಳು. ಯುದ್ಧದಿಂದ ರಬ್ಬರ್ ರಫ್ತು ನಿಂತು ತೋಟಗಳಲ್ಲಿ ಕೆಲಸವಿಲ್ಲದಾದಾಗ ಕೂಲಿ, ಅಕ್ಕಿ ಕೊಡುತ್ತೇವೆ, ಕೆಲವೇ ತಿಂಗಳ ಕೆಲಸ ಎಂದು ಕರೆದೊಯ್ದರು. ಬರುವವರು ಕಡಿಮೆಯಾದ ಮೇಲೆ ಹಿಡಿದು ತಂದರು. ಕೈದಿಗಳ ನಡುವೆ ಅಧಿಕಾರಿಗಳಿದ್ದರು, ವೈದ್ಯರಿದ್ದರು, ಕದ್ದು ದಿನಚರಿ ಬರೆದವರಿದ್ದರು. ಕೂಲಿಗಳಿಗೆ ಅದು ಯಾವುದೂ ಇರಲಿಲ್ಲ. ಕಾಲರಾ ಬಂದಾಗ ನೀರು ಕಾಯಿಸಿ ಕುಡಿಯಿರಿ ಎನ್ನುವವರೂ, ಸತ್ತಾಗ ಹೆಸರು ಬರೆದುಕೊಳ್ಳುವವರೂ ಇಲ್ಲ. ಒಂದೇ ಹಳಿಯ ಮೇಲೆ ಸಾವಿನ ಪ್ರಮಾಣ ಇಷ್ಟು ಬೇರೆಯಾದದ್ದಕ್ಕೆ ಇದು ದೊಡ್ಡ ಕಾರಣ.

ಊರಿನ ನಡುವೆ ಇರುವ ಯುದ್ಧಸ್ಮಶಾನದಲ್ಲಿ ಸುಮಾರು 7,000 ಸಮಾಧಿಗಳು. ಹೆಚ್ಚಿನವುಗಳ ಮೇಲೆ ಹೆಸರು, ದಳ, ತಾರೀಖು, ವಯಸ್ಸು. ಎಷ್ಟೋ ಕಡೆ ಮನೆಯವರು ಬರೆಸಿದ ಒಂದು ಸಾಲೂ ಉಂಟು. ಅದು ಆಗಬೇಕಾದದ್ದೇ. ಕೈದಿಗಳು ಸುತ್ತಿಗೆ, ಉಳಿಗಳಿಂದ ಬಂಡೆ ಕಡಿದ ಹೆಲ್‌ಫೈರ್ ಪಾಸ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ 1998ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಅದೂ ಗೌರವದ ಕೆಲಸ. ಪುಸ್ತಕಗಳೂ ಹಾಗೆಯೇ. ಎರಿಕ್ ಲೋಮ್ಯಾಕ್ಸ್‌ನ 'ದಿ ರೈಲ್ವೇ ಮ್ಯಾನ್' (1995) ಹಿಂಸೆ ಅನುಭವಿಸಿದವನ ಸ್ವಂತ ಮಾತು. ಕೈದಿಯೊಬ್ಬನ ಮಗನಾದ ರಿಚರ್ಡ್ ಫ್ಲಾನಗನ್ 2014ರಲ್ಲಿ ಬುಕರ್ ಪಡೆದ ಕಾದಂಬರಿಯಲ್ಲಿ ಕಾವಲಿನವರ ಒಳಗನ್ನೂ ಹೊಕ್ಕು ನೋಡುವಷ್ಟು ದೊಡ್ಡ ಮನಸ್ಸು ತೋರಿದ್ದಾನೆ. ಆದರೂ ಕೂಲಿ ಇವುಗಳ ನಡುವಿಗೆ ಬರುವುದಿಲ್ಲ. ಅದಕ್ಕೆ ಬರೆದವರನ್ನು ದೂರುವುದು ಸಲ್ಲದು. ತಮ್ಮ ಮನೆಯ ಸತ್ತವರ ಕಥೆಯನ್ನು ಅವರು ಹೇಳಿಕೊಂಡರು. ನಮ್ಮ ಕಡೆಯ ಸತ್ತವರ ಕಥೆಯನ್ನು ನಾವು ಎಷ್ಟು ಹೇಳಿದೆವು ಎಂಬುದೇ ಪ್ರಶ್ನೆ.

ಕಾಂಚನಬುರಿಯ ಬೌದ್ಧ ವಿಹಾರವೊಂದರಲ್ಲಿ ಈ ಕೂಲಿಗಳ ಮೂಳೆಗಳ ಮೇಲೆ ಒಂದು ಸ್ತೂಪವಿದೆ. ತಮಿಳು ಸಂಘದವರು 2023ರಲ್ಲಿ ಅದೇ ವಿಹಾರದಲ್ಲಿ 'ನಡುಕಲ್' ನೆಟ್ಟರು. ನಡುಕಲ್ ಎಂದರೆ ನಮ್ಮ ವೀರಗಲ್ಲು. ಹಾಸನ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದನ ಬಿಡಿಸಲು, ಊರು ಕಾಯಲು ಸತ್ತವನಿಗೆ ಊರೇ ನೆಟ್ಟ ಕಲ್ಲು ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ನಮ್ಮಲ್ಲಿ ಎಲ್ಲೆಲ್ಲೂ ಸಿಕ್ಕುತ್ತದೆ. ರಾಜನ ಗುಡಿಯಷ್ಟು ನಯವಿಲ್ಲದಿದ್ದರೂ ಸತ್ತವನು ಸತ್ತದ್ದಕ್ಕೆ ಅದು ಸಾಕ್ಷಿ. ಎಂಬತ್ತು ವರ್ಷ ತಡವಾಗಿಯಾದರೂ ರಬ್ಬರ್ ತೋಟದ ಕೂಲಿಗೆ ವೀರಗಲ್ಲಿನ ಮರ್ಯಾದೆ ಸಂದದ್ದು ಯಾವ ಆಸ್ಕರಿಗಿಂತಲೂ ದೊಡ್ಡ ಮಾತು. ಆದರೆ ಸಾವಿರಾರು ಮಂದಿಗೆ ಕೂಡಿ ಒಂದೇ ಕಲ್ಲು. ಬರೆದಿಡದ ಹೆಸರನ್ನು ಕೆತ್ತುವುದಾದರೂ ಹೇಗೆ?

ಹಳೇಬೀಡಿನ ಹೊಯ್ಸಳೇಶ್ವರದ ತೆಂಕಣ ದಿಕ್ಕಿನಲ್ಲಿರುವ ಗರುಡಗಂಬದ ಮುಂದೆ ಈ ಪ್ರಶ್ನೆಯೊಡನೆ ನಿಂತು ನೋಡಬೇಕು. 1220ರಲ್ಲಿ ವೀರಬಲ್ಲಾಳ ತೀರಿಕೊಂಡಾಗ ಅವನೊಡನೆ ಪ್ರಾಣಬಿಟ್ಟ ಕುವರ ಲಕ್ಷ್ಮನ ನೆನಪಿನ ಕಂಬ ಅದು. ಲಕ್ಷ್ಮನ ಹೆಸರಿದೆ, ಹೆಂಡತಿ ಸುಗ್ಗಲದೇವಿಯ ಹೆಸರಿದೆ. ಜೊತೆಗೆ ಸತ್ತ ಪಡೆಯವರು ಮಾತ್ರ ಸಾವಿರ ಎಂಬ ಎಣಿಕೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ಆ ಪುಟ್ಟ ಆಕೃತಿಗಳು ಆ ಸಾವಿರದಲ್ಲಿ ಯಾರು ಯಾರೋ. ಹೆಸರು ಕೆಲವರಿಗೆ, ಸಂಖ್ಯೆ ಮಿಕ್ಕವರಿಗೆ ಎಂಬ ಏರ್ಪಾಡು ಜಪಾನಿಯರೂ ಇಂಗ್ಲಿಷರೂ ಹೊಸದಾಗಿ ಕಂಡುಹಿಡಿದದ್ದಲ್ಲ.

2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದವು. ಇನ್ನು ಬರುವವರು ಹೆಚ್ಚುತ್ತಾರೆ, ಕಪ್ಪೆಯ ಕಥೆಯೂ ಹೆಚ್ಚು ಕಿವಿಗಳಿಗೆ ಬೀಳುತ್ತದೆ. ಬೀಳಲಿ, ಕಥೆಯನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅದು ಮುಗಿದ ಮೇಲೆ ಮದನಿಕೆಯ ಪೀಠದ ಕಡೆ ಬೆರಳು ತೋರಿಸಿ, ಇಲ್ಲಿ ಓದಿ, ದಾಸೋಜ ಎಂದಿದೆ, ಚಾವಣ ಎಂದಿದೆ ಎಂದರೆ ಸಾಕು. ಕಾಂಚನಬುರಿಯ ಕೂಲಿಗಳ ವಿಷಯದಲ್ಲಿ ಲೋಕಕ್ಕೆ ಈ ಅವಕಾಶ ತಪ್ಪಿಹೋಗಿದೆ. ಬೇಲೂರಿನಲ್ಲಿ ಒಂಬತ್ತು ನೂರು ವರ್ಷದಿಂದ ಅಕ್ಷರ ಕಣ್ಣೆದುರಿಗೇ ಇದೆ.